ಕೈ ಒಣಗುವಷ್ಟು ಹೊತ್ತು

ವಿಜಯನಗರದ ಯೋಗಾನಂದ ಮೇಷ್ಟ್ರು ಸುಮ್ಮನೆ ಕೂತದ್ದನ್ನು ನೋಡಿದವರು ಕಡಿಮೆ. ಸ್ಕೂಟರಿನ ಸೀಟಿನ ಮೇಲೆ ಕೂರುವುದನ್ನೂ ಕೂರುವುದೆಂದು ಒಪ್ಪುವುದಾದರೆ ಆ ಮಾತು ಬೇರೆ. ಪಾಠ ಮಾಡುವುದು ಓಡಾಡುತ್ತಾ, ಫೋನಿನಲ್ಲಿ ಮಾತಾಡುವುದು ಮೆಟ್ಟಿಲು ಹತ್ತಿಳಿಯುತ್ತಾ, ಬೆಳಗಿನ ಕಾಫಿ ಕುಡಿಯುವುದು ಚಪ್ಪಲಿ ಮೆಟ್ಟಿ ಗೇಟಿನ ಹತ್ತಿರ ನಿಂತು. ಮೂಲೆಯ ಕಟಿಂಗ್ ಶಾಪಿನ ಸಿದ್ದೇಶನಿಗಂತೂ ಅವರು ಬಂದರೆ ಎದೆ ಡವಡವ. "ಮೇಷ್ಟ್ರೇ, ಎರಡೇ ನಿಮಿಷ ಅಲ್ಲಾಡ್ಬೇಡಿ. ಕತ್ತರಿ ನಂದು, ಕಿವಿ ನಿಮ್ದು" ಎಂದು ಪ್ರತಿ ಸಲವೂ ಕೈಮುಗಿಯುತ್ತಾನೆ.

ಕಾಲಿಗೆ ಚಕ್ರ ಕಟ್ಟಿಕೊಂಡವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ, ಅದೇನು ದೊಡ್ಡ ವಿಷಯವಲ್ಲ. ಮೋಜು ಏನೆಂದರೆ, ಈ ಮನುಷ್ಯ ಹೊಟ್ಟೆಪಾಡಿಗೆ ಕಲಿಸುವುದು ಸ್ಪ್ಯಾನಿಷ್ ಭಾಷೆ. ಆ ಭಾಷೆಯಲ್ಲಿ ಅವರಿಗೆ ಜೀವಕ್ಕಿಂತ ಪ್ರಿಯವಾದ ಪದ ಒಂದಿದೆ, ಸೋಬ್ರೆಮೇಸಾ. ಊಟ ಮುಗಿದ ಮೇಲೆ ಯಾರೂ ಏಳದೆ, ಅದೇ ಮೇಜಿನ ಸುತ್ತ ಕೂತು, ಮಾತಿಗೆ ಮಾತು ಪೋಣಿಸುತ್ತಾ ಕಳೆಯುವ ಹೊತ್ತಿಗೆ ಆ ಜನ ಇಟ್ಟ ಹೆಸರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ಕಟ್ಟಿದವನು ಈ ಮೇಷ್ಟ್ರನ್ನು ಎಲ್ಲೋ ನೋಡಿಯೇ ಇರಬೇಕು.

ಕಳೆದ ವರ್ಷ ಒಂದು ಸೋಮವಾರ ಮಧ್ಯಾಹ್ನ ಅವರ ಹೆಂಡತಿ ಪ್ರಭಾ ತಟ್ಟೆಗೆ ಎರಡನೇ ಸಲ ಅನ್ನ ಬಡಿಸುತ್ತಾ, "ಬರೋ ಭಾನುವಾರ ಕೆಂಗೇರಿಗೆ ಹೋಗ್ತೀನಿ, ಅಕ್ಕನ ಮನೆಗೆ" ಎಂದರು.

"ಹೋಗ್ಬಾ. ಬುಧವಾರದೊಳಗೆ ಬಂದ್ಬಿಡು, ಗ್ಯಾಸಿನವನು ಬರ್ತಾನೆ."

"ಈ ಸಲ ವಾಪಸ್ ಬರೋ ಯೋಚನೆ ಇಲ್ಲ ರೀ."

ಮೇಷ್ಟ್ರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಅಂದ್ರೆ?"

"ಅಂದ್ರೆ ಅಲ್ಲೇ ಇರ್ತೀನಿ, ಅಕ್ಕನ ಜೊತೆ."

"ಯಾಕೆ? ಏನಾಯ್ತು? ನಾನೇನಾದ್ರೂ ಅಂದ್ನಾ?"

"ಏನೂ ಅಂದಿಲ್ಲ. ಮೊದ್ಲು ಉಣ್ಣಿ ನೀವು. ನಂದೂ ಊಟ ಆಗ್ಲಿ, ಆಮೇಲೆ ಹೇಳ್ತೀನಿ."

ಆ ಮನೆಯಲ್ಲಿ ಊಟದ ಪದ್ಧತಿ ಮೂವತ್ತು ವರ್ಷಗಳಿಂದ ಒಂದೇ. ಮೇಷ್ಟ್ರು ಮುಂದಿನ ಹಾಲಿನಲ್ಲಿ ಕೂತು ಉಣ್ಣುತ್ತಾರೆ, ಪ್ರಭಾ ಬಡಿಸುತ್ತಾರೆ. ಅವರು ಕೈತೊಳೆದು ಎದ್ದ ಮೇಲೆ ಈಕೆ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು, ಪಾತ್ರೆಗಳನ್ನು ಸುತ್ತ ಇಟ್ಟುಕೊಂಡು ಉಣ್ಣುತ್ತಾರೆ. ಯಾರೂ ಹೇರಿದ್ದಲ್ಲ, ಯಾರೂ ಕೇಳಿದ್ದೂ ಅಲ್ಲ. ಅವರ ಅಮ್ಮಂದಿರೂ ಹಾಗೇ ಉಂಡವರು.

ಅಂದು ಮೇಷ್ಟ್ರು ಕೈತೊಳೆದು ಹಾಲಿನಲ್ಲಿ ನಿಂತರು. ಕೇಳಿಯೇ ತೀರುವುದೆಂದು ಗಟ್ಟಿ ಮನಸ್ಸು ಮಾಡಿದರು. ಒಳಗೆ ತಟ್ಟೆಯ ಸದ್ದು, ಲೋಟ ಇಟ್ಟ ಸದ್ದು. ಕ್ಯಾಲೆಂಡರ್ ನೋಡಿದರು. ಕಿಟಕಿ ತೆಗೆದರು, ಮುಚ್ಚಿದರು. ಮೂರು ನಿಮಿಷ ಆಗಿರಬಹುದು, ಹೆಚ್ಚೆಂದರೆ ನಾಲ್ಕು. ಸಂಜೆಯ ಬ್ಯಾಚಿಗೆ ಜೆರಾಕ್ಸ್ ಮಾಡಿಸುವುದಿದೆ ಎಂದು ಇದ್ದಕ್ಕಿದ್ದಂತೆ ನೆನಪಾಯಿತು. "ಐದು ನಿಮಿಷ, ಬಂದೇ ಬಿಟ್ಟೆ" ಎಂದು ಕೂಗಿ ಸ್ಕೂಟರ್ ಒದ್ದರು. ಪ್ರಭಾ ಕೈ ಒರೆಸಿಕೊಂಡು ಹೊರಗೆ ಬಂದಾಗ ಗೇಟು ಹಾರುಹೊಡೆದಿತ್ತು.

ಮಂಗಳವಾರವೂ ಇದೇ ಕತೆ, ಬುಧವಾರವೂ ಇದೇ. "ನಿಂದು ಊಟ ಆಗ್ಲಿ, ಇವತ್ತು ಕೂತು ಮಾತಾಡೋಣ" ಎಂದು ಅವರೇ ಹೇಳುವುದು, ಅವರೇ ಎದ್ದು ಓಡುವುದು. ಪ್ರಭಾ ಒಂದು ಮಾತನ್ನು ಮೂರು ಸಲ ಹೇಳುವ ಹೆಂಗಸಲ್ಲ. ಸುಮ್ಮನೆ ಬೀರುವಿನಿಂದ ಸೀರೆ ತೆಗೆದು ಮಡಿಸಿ ಮಂಚದ ಮೇಲೆ ಇಡುತ್ತಿದ್ದರು. ಮಂಚದ ಮೇಲಿನ ಗಂಟು ದಿನದಿನಕ್ಕೆ ಎತ್ತರವಾಗುತ್ತಿತ್ತು. ಜಗಳ ಆಡಿದ್ದರೆ ರಾಜಿಯ ದಾರಿಯಾದರೂ ಗೊತ್ತಿರುತ್ತಿತ್ತು. ಜಗಳವೇ ಆಡದ ಹೆಂಡತಿ ಬಿಟ್ಟುಹೋಗುತ್ತೇನೆ ಎಂದರೆ ಯಾವ ಕಡೆಯಿಂದ ಹಿಡಿಯುವುದು? ಹೆಂಡತಿ ಹೊರಟುಹೋಗುತ್ತಾಳೆ ಎಂಬ ಭಯ ಒಂದು ಕಡೆ, ಅವಳು ಕಾರಣ ಹೇಳಿಬಿಡುತ್ತಾಳೆ ಎಂಬ ಭಯ ಇನ್ನೊಂದು ಕಡೆ. ಎರಡರ ನಡುವೆ ಸಿಕ್ಕಿ ಮನುಷ್ಯ ಇನ್ನಷ್ಟು ಓಡಿದರು.

ಇಷ್ಟಕ್ಕೂ ಒಬ್ಬ ವಿಜಯನಗರದವರಿಗೆ ಸ್ಪ್ಯಾನಿಷ್ ಎಲ್ಲಿಂದ ಗಂಟುಬಿತ್ತು ಅಂತೀರಾ? ಅದೂ ಒಂದು ಕತೆಯೇ. ಮೇಷ್ಟ್ರು ಹುಟ್ಟಾ ಮೇಷ್ಟ್ರಲ್ಲ. ಐಟಿಐ ಮಾಡಿ ರಾಜಾಜಿನಗರದ ಕಡೆಯ ಒಂದು ಕಾರ್ಖಾನೆಯಲ್ಲಿ ಗ್ರೈಂಡಿಂಗ್ ಮಷೀನಿನ ಮೇಲೆ ನಿಂತವರು. ತೊಂಬತ್ತೆಂಟರಲ್ಲಿ ಕಾರ್ಖಾನೆಯವರು ಸ್ಪೇನಿನಿಂದ ಒಂದು ದೊಡ್ಡ ಮಷೀನು ತರಿಸಿದರು. ಅದನ್ನು ನಡೆಸುವುದು ಕಲಿತು ಬಾ ಎಂದು ಇವರನ್ನು ಆರು ವಾರ ಅಲ್ಲಿಗೆ ಕಳಿಸಿದರು. ಬೆಟ್ಟಗಳ ನಡುವಿನ ಸಣ್ಣ ಊರು, ಮನೆಗಳಿಗಿಂತ ಕಾರ್ಖಾನೆಗಳೇ ಹೆಚ್ಚು. ಇಂಗ್ಲಿಷ್ ಬಲ್ಲವರು ಒಬ್ಬರೂ ಇಲ್ಲ. ಮಷೀನು ಕಲಿಯಬೇಕಾದರೆ ಭಾಷೆ ಕಲಿಯಲೇಬೇಕಾಯಿತು.

ಅವರು ಕಲಿತ ಮೊದಲ ಪದ ಮೇಸಾ. ಮೇಜು ಎಂದರ್ಥ. ಮಷೀನಿನಲ್ಲಿ ಕಬ್ಬಿಣದ ತುಂಡನ್ನು ಕೂರಿಸುವ ಹಲಗೆಗೂ ಅವರು ಅದನ್ನೇ ಅನ್ನುತ್ತಾರೆ. ಆ ಮೇಜು ಬೆಳಗಿನಿಂದ ಸಂಜೆವರೆಗೆ ಹಿಂದಕ್ಕೂ ಮುಂದಕ್ಕೂ ಓಡುತ್ತಲೇ ಇರುತ್ತದೆ. ಹಾಗಾಗಿ ಮೇಸಾ ಎಂದರೆ ಓಡುವ ವಸ್ತು ಎಂದೇ ಒಂದು ವಾರ ಇವರ ತಲೆಯಲ್ಲಿ ಕೂತಿತ್ತು. ಅದೇ ಪದ ಅನ್ನದ ಮೇಜಿಗೂ ಸಲ್ಲುತ್ತದೆ ಎಂದು ತಿಳಿದದ್ದು ಫೋರ್‌ಮನ್ ರಾಮೋನ್ ಒಂದು ಭಾನುವಾರ ಮನೆಗೆ ಊಟಕ್ಕೆ ಕರೆದಾಗ.

ಮಾಂಸ ಮುಟ್ಟದ ಮನುಷ್ಯ ಬರುತ್ತಾನೆಂದು ರಾಮೋನನ ಹೆಂಡತಿ ಮಾರೀಸಾ ಬಿಳಿ ಹುರುಳಿಯಂಥ ಕಾಳು ಬೇಯಿಸಿದ್ದಳು, ಕೆಂಪು ಮೆಣಸಿನಕಾಯಿ ಸುಟ್ಟಿದ್ದಳು, ಆಲೂಗಡ್ಡೆ ಕರಿದಿದ್ದಳು. ಪಾಪದ ಹೆಂಗಸು ಅಡುಗೆಮನೆಗೂ ಮೇಜಿಗೂ ಓಡಾಡುತ್ತಲೇ ಇದ್ದಳು. ಯೋಗಾನಂದರು ಹನ್ನೊಂದು ನಿಮಿಷದಲ್ಲಿ ಉಂಡು ಮುಗಿಸಿದರು. ತಮ್ಮ ತಟ್ಟೆ ತಾವೇ ಎತ್ತಿಕೊಂಡು ಹೋಗಿ ನಲ್ಲಿಯಡಿ ತೊಳೆದರು. ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತು ಗ್ರಾಸಿಯಾಸ್, ಅಂದರೆ ಧನ್ಯವಾದ, ಎಂದರು. ಅವರ ಪ್ರಕಾರ ಅದು ದೊಡ್ಡ ಮರ್ಯಾದೆ. ಗಂಡಸರು ಬೇಗ ಎದ್ದರೆ ತಾನೇ ಮನೆಯಾಕೆ ಉಣ್ಣುವುದು, ಪಾಪ, ಅವಳಿಗೂ ಹಸಿವು ಎಂದು ಅವರ ಲೆಕ್ಕಾಚಾರ.

ಮಾರೀಸಾಳ ಮುಖ ಕಪ್ಪಿಟ್ಟಿತು. ಅಡುಗೆ ಕೆಟ್ಟಿತೋ, ತಾನೇನಾದರೂ ತಪ್ಪು ಮಾಡಿದೆನೋ ಎಂದು ಗಂಡನನ್ನು ಕೇಳಿ ಕಣ್ಣು ಒರೆಸಿಕೊಂಡಳು. ಅವಳ ತಟ್ಟೆ ಇವರ ತಟ್ಟೆಯ ಎದುರಿಗೇ ಇತ್ತು, ಅವಳೂ ಅರ್ಧ ಉಂಡಿದ್ದಳು. ಇವರ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ರಾಮೋನ್ ಇವರ ಭುಜ ಹಿಡಿದು ಮತ್ತೆ ಕುರ್ಚಿಯಲ್ಲಿ ಕುಕ್ಕಿ, "ಸೋಬ್ರೆಮೇಸಾ" ಎಂದ. ಸೋಬ್ರೆ ಎಂದರೆ ಮೇಲೆ. ಮೇಜಿನ ಮೇಲೆ. ಇನ್ನೂ ಮೇಜಿನ ಮೇಲೆಯೇ ಇದ್ದೇವೆ, ಎಲ್ಲಿಗೆ ಓಡುತ್ತೀಯ ಎಂದರ್ಥ. ಅಂದು ಎರಡೂವರೆ ಗಂಟೆ ಕಾಲು ಕುಣಿಸುತ್ತಾ ಕೂತಿದ್ದರು.

ಎರಡು ಸಾವಿರದ ಒಂಬತ್ತರಲ್ಲಿ ಕಾರ್ಖಾನೆ ಮುಚ್ಚಿತು. ಮಷೀನು ಗುಜರಿಗೆ ಹೋಯಿತು, ಭಾಷೆ ಉಳಿಯಿತು. ಕಾಲ್ ಸೆಂಟರುಗಳಲ್ಲಿ ಸ್ಪ್ಯಾನಿಷ್ ಬಲ್ಲವರಿಗೆ ಕೆಲಸ ಇದೆ ಎಂದು ತಿಳಿದು, ರಾಜಾಜಿನಗರದಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ ಕ್ಲಾಸು ತೆರೆದರು. ಪ್ರತಿ ಬ್ಯಾಚಿಗೂ ಮಾರೀಸಾಳ ಮನೆಯ ಈ ಊಟದ ಪ್ರಸಂಗವನ್ನು ಬೂಟು ಹಾಕಿಕೊಂಡ ಅಭಿನಯದ ಸಮೇತ ಹೇಳಿ ಹುಡುಗರನ್ನು ನಗಿಸುತ್ತಾರೆ. ಆಮೇಲೆ ಬೋರ್ಡಿನ ಮೇಲೆ ಪದದ ಬಳಕೆ ಬರೆಯುತ್ತಾರೆ. ಸೋಬ್ರೆಮೇಸಾ ಮಾಡುವುದು, ಸೋಬ್ರೆಮೇಸಾದಲ್ಲಿ ಇರುವುದು, ಸೋಬ್ರೆಮೇಸಾವನ್ನು ಎಳೆಯುವುದು. ಮಧ್ಯಾಹ್ನದ ಟಿವಿ ಕಾರ್ಯಕ್ರಮಕ್ಕೂ ಅದೇ ಪದ, ಮೇಜಿನ ಮೇಲಿಡುವ ಗಡಿಯಾರಕ್ಕೂ, ಕಂಪ್ಯೂಟರಿಗೂ ಅದೇ. ಆದರೆ ಅವೆಲ್ಲ ಪಕ್ಕದ ಅರ್ಥಗಳು, ಪದದ ಜೀವ ಇರುವುದು ಊಟ ಮುಗಿದ ತಟ್ಟೆಗಳ ನಡುವೆ ಎನ್ನುತ್ತಾರೆ.

ಆ ವಾರದ ಗುರುವಾರ ಸರಿಯಾಗಿ ಇದೇ ಪಾಠ ಬರಬೇಕೇ! ಮೇಷ್ಟ್ರು ಹೇಗೋ ನಗಿಸಿ ಮುಗಿಸಿದರು. ಕೊನೆಗೆ ಗೌತಮ್ ಎಂಬ ಹುಡುಗ, "ಸಾರ್, ನಮ್ಮಲ್ಲಿ ಇದಕ್ಕೆ ಏನಂತಾರೆ?" ಎಂದು ಕೇಳಿದ.

"ನಮ್ಮಲ್ಲಿ ಏನೂ ಅನ್ನಲ್ಲ ಕಣಪ್ಪ. ನಮ್ಮಲ್ಲಿ ಎಂಜಲು ಕೈ ಒಣಗಿಸ್ಕೊಂಡು ಕೂತ್ರೆ ದರಿದ್ರ ಅಂತಾರೆ, ಎದ್ದು ತೊಳ್ಕೋ ಅಂತಾರೆ. ಒಂದು ಕೆಲಸ ಮಾಡಿ, ಇವತ್ತೋ ನಾಳೆನೋ ನಿಮ್ಮ ಮನೇಲಿ ಸೋಬ್ರೆಮೇಸಾ ಮಾಡಿ. ಏನಾಯ್ತು ಅಂತ ಐದು ವಾಕ್ಯ ಬರ್ಕೊಂಡು ಬನ್ನಿ."

ಶನಿವಾರ ಬೆಳಗ್ಗೆ ಹೋಂವರ್ಕ್ ಓದಿಸಿದರು. ಒಬ್ಬೊಬ್ಬರದೂ ಒಂದೊಂದು ತಮಾಷೆ. ಗೌತಮ್ ಉಂಡ ಮೇಲೆ ಏಳದೆ ಕೂತಿದ್ದಕ್ಕೆ ಅವರಪ್ಪ, "ಏನೋ, ಬೈಕ್ ಎಲ್ಲಾದ್ರೂ ಗುದ್ದಿದ್ಯಾ?" ಎಂದು ಗಾಬರಿಯಾದರಂತೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಉಲ್ಲಾಳದಿಂದ ಬಸ್ಸಿನಲ್ಲಿ ಬರುವ ರಮ್ಯಶ್ರೀ ಎಂಬ ಹುಡುಗಿ ಮಾತ್ರ ಖಾಲಿ ಹಾಳೆ ಹಿಡಿದು ಎದ್ದು ನಿಂತಳು.

"ಯಾಕಮ್ಮ, ಬರೀಲಿಲ್ವಾ?"

"ಬರೆಯೋಕೆ ಕೂತೆ ಸಾರ್, ಡೌಟ್ ಬಂತು. ನಾವೆಲ್ಲ ಎಂಟೂವರೆಗೆ ಉಂಡ್ವಿ, ಕೂತು ಮಾತಾಡಿದ್ವಿ. ಅಮ್ಮ ಬಡಿಸ್ತಾ ಇದ್ರು. ನಾವು ಎದ್ಮೇಲೆ ಅಮ್ಮ ಒಬ್ರೇ ಅಡುಗೆಮನೇಲಿ ಉಂಡ್ರು. ಅಮ್ಮನ ಊಟ ಮುಗಿದಾಗ ಅಲ್ಲಿ ಯಾರೂ ಇರ್ಲಿಲ್ಲ. ಊಟ ಮುಗಿದ ಮೇಲೆ ಅಂದ್ರಲ್ಲ ಸಾರ್, ಯಾರ ಊಟ?"

ಓಡಾಡುತ್ತಿದ್ದ ಮೇಷ್ಟ್ರ ಕಾಲು ನಿಂತುಹೋಯಿತು. ಹದಿನೈದು ವರ್ಷ, ಎಷ್ಟೋ ಬ್ಯಾಚು, ನೂರಾರು ಮಕ್ಕಳು, ಈ ಪ್ರಶ್ನೆಯನ್ನು ಒಬ್ಬರೂ ಕೇಳಿರಲಿಲ್ಲ. "ಒಳ್ಳೆ ಪ್ರಶ್ನೆ ಕಣಮ್ಮ, ಕೂತ್ಕೋ" ಎಂದರು. ಅವತ್ತು ಕ್ಲಾಸು ಅರ್ಧ ಗಂಟೆ ಮೊದಲೇ ಬಿಟ್ಟಿತು.

ಮರುದಿನ ಭಾನುವಾರ. ಪ್ರಭಾ ಸಂಜೆ ಹೊರಡುವುದೆಂದು ಗೊತ್ತಾಗಿತ್ತು. ಹೊರಡುವ ದಿನವೂ ಆಕೆ ಬಸ್ಸಾರು ಮಾಡಿ, ಮುದ್ದೆ ತಿರುವಿ, ಎಂದಿನಂತೆ ಹಾಲಿನಲ್ಲಿ ತಟ್ಟೆ ಹಾಕಿದರು.

"ಇವತ್ತು ಇಬ್ರೂ ಒಟ್ಟಿಗೆ ಕೂತ್ಕೊಳ್ಳೋಣ" ಎಂದರು ಮೇಷ್ಟ್ರು.

"ಬೇಡ ರೀ, ಮುದ್ದೆ ಆರುತ್ತೆ. ನೀವು ಉಣ್ಣಿ."

"ಹಾಗಾದ್ರೆ ನೀನು ಮೊದ್ಲು ಉಣ್ಣು, ನಾನು ಬಡಿಸ್ತೀನಿ."

"ಇದೇನಿದು ಹೊಸ ನಾಟ್ಕ? ಕೂತ್ಕೊಳ್ಳಿ ಸುಮ್ನೆ."

ಉಂಡರು. ಕೈತೊಳೆದರು. ಆಮೇಲೆ ಯಾವತ್ತೂ ಮಾಡದ ಕೆಲಸ ಮಾಡಿದರು, ಅಡುಗೆಮನೆಯೊಳಗೆ ಹೋಗಿ ಪ್ರಭಾರ ಎದುರಿಗೆ ನೆಲದ ಮೇಲೆ ಕೂತರು. ಮಂಡಿ ಲಟಕ್ ಎಂದಿತು. ಹಿಟ್ಟಿನ ಡಬ್ಬಕ್ಕೆ ಬೆನ್ನು ತಾಗಿತು. ಪ್ರಭಾ ಬೆಚ್ಚಿಬಿದ್ದು, "ಏನು ಬೇಕಿತ್ತು? ಮಜ್ಜಿಗೆನಾ?" ಎಂದು ಏಳಹೋದರು.

"ಏನೂ ಬೇಡ. ನೀನು ಉಣ್ಣು. ನಾನು ಸುಮ್ನೆ ಕೂತಿರ್ತೀನಿ."

ಪ್ರಭಾ ಉಂಡರು. ತಲೆ ಬಗ್ಗಿಸಿ, ದೊಡ್ಡ ದೊಡ್ಡ ತುತ್ತು ನುಂಗಿ ಬೇಗಬೇಗ ಉಂಡರು. ಮೇಷ್ಟ್ರು ತುಟಿ ಬಿಗಿದು ಕೂತಿದ್ದರು. ಕೇಳಬೇಕಾದ ಮಾತುಗಳನ್ನೂ ಹೇಳಬೇಕಾದ ಕ್ಷಮೆಯನ್ನೂ ಬೆಳಗಿನಿಂದ ಪಾಠದ ಹಾಗೆ ಉರುಹೊಡೆದು ತಂದಿದ್ದರು. ಜೇಬಿನಲ್ಲಿ ಫೋನು ಎರಡು ಸಲ ಗುಂಯ್‌ಗುಟ್ಟಿತು, ತೆಗೆಯಲಿಲ್ಲ. ಅಬ್ಬಾ, ಒಂದು ಊಟ ಇಷ್ಟು ಹೊತ್ತು ಹಿಡಿಯುತ್ತದೆಯೇ ಎಂದು ಅವರಿಗೆ ಅನ್ನಿಸುತ್ತಿತ್ತು, ಹಾಗೆ ಅನ್ನಿಸಿದ್ದಕ್ಕೆ ತಮ್ಮ ಮೇಲೆಯೇ ಸಿಟ್ಟೂ ಬರುತ್ತಿತ್ತು.

"ಆಯ್ತಾ? ಈಗ ಹೇಳು. ಯಾಕೆ ಹೋಗ್ತಿದ್ದೀಯ?"

ಪ್ರಭಾ ತಟ್ಟೆಯ ಅಂಚನ್ನು ಬೆರಳಿಂದ ಸವರಿದರು. "ಅಲ್ಲಿ ಅಕ್ಕ, ನಾನು, ಪಕ್ಕದ್ಮನೆ ಲಿಂಗಮ್ಮ ಒಟ್ಟಿಗೆ ಉಣ್ತೀವಿ ರೀ. ಉಂಡ್ಮೇಲೆ ಕೈ ಒಣಗಿ ಚಕ್ಕೆ ಏಳೋವರ್ಗೂ ಮಾತಾಡ್ತೀವಿ. ನಾನು ಉಣ್ಣೋವಾಗ ಎದುರಿಗೆ ಒಂದು ಮುಖ ಇರುತ್ತೆ. ಮಗಳು ಮಾನಸ ಮದುವೆಯಾಗಿ ತುಮಕೂರಿಗೆ ಹೋದ್ಮೇಲೆ ಈ ಮನೇಲಿ ನಂಗೆ ಅದು ಇಲ್ಲ. ಅಷ್ಟೇ ಕಾರಣ. ನಿಮ್ಗೆ ಇದು ಕಾರಣ ಅನ್ಸುತ್ತೋ ಇಲ್ವೋ ಗೊತ್ತಿಲ್ಲ."

"ಇಷ್ಟೇನಾ? ಇದನ್ನ ಮೊದಲೇ ಹೇಳ್ಬಾರ್ದಿತ್ತಾ? ಇನ್ಮೇಲೆ ದಿನಾ ಕೂತ್ಕೋತೀನಿ ಬಿಡು!"

"ಹೇಳೋಕೆ ನೀವು ಇರ್ಬೇಕಲ್ಲ. ಆ ಸ್ಪೇನಲ್ಲಿ ಊಟದ ಮಧ್ಯ ಎದ್ದು ಬೂಟ್ ಹಾಕ್ಕೊಂಡ್ರಂತೆ ನೀವು. ತರಕಾರಿ ಮಾರ್ಕೆಟಲ್ಲಿ ಒಬ್ರು ನಿಮ್ಮ ಸ್ಟೂಡೆಂಟ್ ತಾಯಿ ನಂಗೆ ಆ ಕತೆ ಹೇಳಿ ನಕ್ಕರು. ನಿಮ್ಮನೆಯವ್ರು ಎಷ್ಟು ಚೆನ್ನಾಗಿ ಮಾತಾಡ್ತಾರಂತೆ ಅಂದ್ರು. ಗೊತ್ತಿರೋಳ ಹಾಗೆ ನಾನೂ ನಕ್ಕೆ ರೀ. ನಂಗೆ ಗೊತ್ತೇ ಇರ್ಲಿಲ್ಲ."

ಮೂವತ್ತು ವರ್ಷ ಜೊತೆಗಿದ್ದ ಹೆಂಡತಿಗೆ ಹೇಳದ ಕತೆಯನ್ನು ಮೇಷ್ಟ್ರು ಊರ ಮಕ್ಕಳಿಗೆಲ್ಲ ಹೇಳಿದ್ದರು. ಹೇಳಬಾರದೆಂದಲ್ಲ, ಹೇಳಲು ಹೊತ್ತೇ ಆಗಿರಲಿಲ್ಲ. ನಾಚಿಕೆಯಿಂದ ಕಿವಿ ಕೆಂಪಾಯಿತು.

"ಈಗ ಕೂತಿದ್ದೀನಲ್ಲ ಪ್ರಭಾ. ನೋಡು, ಕೂತಿದ್ದೀನಿ."

"ನೀವು ಕೂತಿದ್ದೀರಿ, ನಿಮ್ಮ ಕಾಲು ನೋಡಿ."

ನೋಡಿದರು. ಬಲಗಾಲು ಗಡಗಡ ಕುಣಿಯುತ್ತಿತ್ತು. ಅದು ಯಾವಾಗ ಶುರುವಾಯಿತೋ ಅವರಿಗೇ ತಿಳಿದಿರಲಿಲ್ಲ.

"ಸಿಟ್ಟಾಗ್ಬೇಡಿ. ಬಸ್ಸಿಗೆ ಹೊತ್ತಾಯ್ತು ಅಂತ ನಿಂತೋರ ಎದುರಿಗೆ ಕೂತು ಉಂಡ ಹಾಗಾಯ್ತು ನಂಗೆ. ಒಬ್ಳೇ ಉಣ್ಣೋದೇ ಎಷ್ಟೋ ವಾಸಿ." ಪ್ರಭಾ ಎದ್ದು ಕೈತೊಳೆದರು, ಪಾತ್ರೆಗಳನ್ನೂ ತೊಳೆದು ಬೋರಲು ಹಾಕಿದರು. ಸಂಜೆ ಮೇಷ್ಟ್ರೇ ಚೀಲ ಹಿಡಿದು ಮೆಟ್ರೋವರೆಗೆ ಬಿಟ್ಟು ಬಂದರು. ಸ್ಟೇಷನ್ನಿನ ಗೇಟಿನ ಹತ್ತಿರ ಪ್ರಭಾ ತಿರುಗಿ, "ಇಡ್ಲಿ ಹಿಟ್ಟು ಫ್ರಿಜ್ಜಲ್ಲಿದೆ, ಮಂಗಳವಾರದೊಳಗೆ ಮುಗಿಸಿ" ಎಂದು ಒಳಗೆ ಹೋದರು.

ಆಮೇಲಿನ ಹದಿನೈದು ದಿನ ಮೇಷ್ಟ್ರು ಹುಚ್ಚು ಹಿಡಿದವರಂತೆ ತಿರುಗಿದರು. ಬಸವೇಶ್ವರನಗರದಲ್ಲಿ ಹೊಸ ಬ್ಯಾಚು ಒಪ್ಪಿಕೊಂಡರು, ನಂದಿನಿ ಲೇಔಟಿನಲ್ಲಿ ಮನೆಪಾಠ ಒಪ್ಪಿಕೊಂಡರು. ಮಧ್ಯಾಹ್ನದ ಊಟ ದರ್ಶಿನಿಯಲ್ಲಿ, ನಿಂತುಕೊಂಡೇ. ಸಿದ್ದೇಶ, "ಮೇಡಂ ಊರಲ್ಲಿಲ್ವಾ ಮೇಷ್ಟ್ರೇ? ಗಡ್ಡ ಬಂದಿದೆ" ಎಂದ. "ಅಕ್ಕನ ಮನೆಗೆ ಹೋಗಿದಾಳೆ" ಎಂದರು. ದಿನಕ್ಕೆರಡು ಸಲ ಫೋನು ಮಾಡುತ್ತಿದ್ದರು, ಅದೂ ನಡೆಯುತ್ತಲೇ. "ಎಲ್ಲಿದ್ದೀರಿ, ಬರೀ ಹಾರ್ನ್ ಕೇಳುತ್ತೆ" ಎಂದು ಪ್ರಭಾ ಎರಡು ಮಾತಾಡಿ ಇಟ್ಟುಬಿಡುತ್ತಿದ್ದರು. ಖಾಲಿ ಮನೆಯಲ್ಲಿ ಅವರಿಗೆ ನಿಲ್ಲಲೂ ಆಗುತ್ತಿರಲಿಲ್ಲ. ಅಡುಗೆಮನೆಯ ಮಣೆ ಗೋಡೆಗೆ ಒರಗಿತ್ತು, ಅದನ್ನು ನೋಡಿದರೆ ಅಳು ಬರುತ್ತಿತ್ತು. ಒಂದು ದಿನ ಅತ್ತೂಬಿಟ್ಟರು.

ಮೂರನೇ ಭಾನುವಾರ ಫೋನೂ ಮಾಡದೆ ಕೆಂಗೇರಿಗೆ ಹೋದರು. ಪ್ರಭಾರ ಅಕ್ಕ ಶಿವಕ್ಕನ ಮನೆ ಉಪನಗರದಲ್ಲಿ, ಎರಡು ಕೋಣೆಯ ಹಳೆಯ ಮನೆ. ಗಂಡ ತೀರಿಕೊಂಡ ಮೇಲೆ ಶಿವಕ್ಕ ಒಬ್ಬರೇ ಇದ್ದವರು. ಅವರು ಬಾಗಿಲಲ್ಲೇ, "ಬನ್ನಿ ಬನ್ನಿ ಯೋಗಾನಂದ್ ಅವ್ರೇ, ಸರಿಯಾದ ಹೊತ್ತಿಗೆ ಬಂದ್ರಿ" ಎಂದು ಒಂದೇ ತಟ್ಟೆ ತಂದು ಹಾಲಿನಲ್ಲಿ ಇಟ್ಟರು.

"ನೀವೂ ಕೂತ್ಕೊಳ್ಳಿ ಶಿವಕ್ಕ. ಎಲ್ರದೂ ಒಟ್ಟಿಗೇ ಆಗ್ಲಿ."

"ಅಯ್ಯೋ, ನಮ್ಮನೆ ಅಳಿಯಂದ್ರು ಅಂದ್ರೆ ಸುಮ್ನೇನಾ! ನಿಮ್ದು ಮೊದ್ಲು ಆಗ್ಲಿ."

"ಹಾಗಾದ್ರೆ ನಾನು ಕಾಯ್ತೀನಿ. ನಿಮ್ದಾದ್ಮೇಲೆ ಉಣ್ತೀನಿ."

ಶಿವಕ್ಕ ತಂಗಿಯ ಮುಖ ನೋಡಿದರು. ಪ್ರಭಾ ಇನ್ನೆರಡು ತಟ್ಟೆ ತಂದರು. ಮೂವರೂ ಅಡುಗೆಮನೆಯ ನೆಲದ ಮೇಲೆ ಕೂತರು. ಅಕ್ಕತಂಗಿಯರ ಮಾತು ಶುರುವಾಯಿತು. ಯಾರದೋ ನಿಶ್ಚಿತಾರ್ಥದಲ್ಲಿ ಪಾಯಸ ಸೀದ ಸುದ್ದಿ, ಮಲ್ಲಿಗೆ ಹೂವಿನ ಬೆಲೆ, ಚಿಕ್ಕಂದಿನಲ್ಲಿ ಶಿವಕ್ಕ ಬಾವಿಗೆ ಬಿಂದಿಗೆ ಬೀಳಿಸಿದ್ದು. ಮೇಷ್ಟ್ರ ಕಡೆಗೆ ಒಂದು ಮಾತೂ ಬರಲಿಲ್ಲ. ಅವರದು ಎಂದಿನಂತೆ ಮೊದಲೇ ಮುಗಿಯಿತು. ಎದ್ದುಬಿಡು ಎಂದು ಕಾಲು ಹೇಳಿತು. ಏಳಲಿಲ್ಲ. ಸಾರಿನ ಪಸೆ ಬೆರಳಿನ ಮೇಲೆ ಒಣಗಿ ಚರ್ಮ ಬಿಗಿಯಿತು, ಉಗುರಿನ ಸಂದಿ ಕಡಿಯತೊಡಗಿತು. ದರಿದ್ರ ಬಂದರೆ ಬರಲಿ ಎಂದು ಎಡಗೈಯಿಂದ ಮಂಡಿ ಅದುಮಿ ಹಿಡಿದು ಕೂತರು.

ಎರಡೂವರೆ ಹೊತ್ತಿಗೆ ಶಿವಕ್ಕ ಆಕಳಿಸಿ, "ನಾನು ಸ್ವಲ್ಪ ಬೆನ್ನು ಚಾಚ್ತೀನಿ" ಎಂದು ಎದ್ದುಹೋದರು. ಪ್ರಭಾ ಏಳಲಿಲ್ಲ. ಇಬ್ಬರ ನಡುವೆ ಖಾಲಿ ತಟ್ಟೆಗಳು.

"ಇಲ್ಲಿ ನೀವು ನೆಂಟ್ರು, ಅದಕ್ಕೆ ಕೂತಿದ್ದೀರಿ. ಮನೇಲಾಗಿದ್ರೆ ಎದ್ದು ಹೋಗಿರ್ತಿದ್ರಿ" ಎಂದರು ಪ್ರಭಾ. ಕೊಂಕಿನ ಮಾತಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದ ದನಿ.

ಮೇಷ್ಟ್ರು ಇಲ್ಲ ಎನ್ನಹೊರಟರು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಹೌದು, ಎದ್ದು ಹೋಗ್ತಿದ್ದೆ" ಎಂದರು. ಆಮೇಲೆ ತಟ್ಟೆ ನೋಡುತ್ತಾ, "ಕೂತ್ರೆ ನಂಗೆ ಭಯ ಆಗುತ್ತೆ ಪ್ರಭಾ" ಎಂದರು.

"ಭಯನಾ? ಎಂಥ ಭಯ?"

"ಫ್ಯಾಕ್ಟರಿ ಮುಚ್ಚಿದಾಗ ನಾಲ್ಕು ತಿಂಗ್ಳು ಮನೇಲಿದ್ನಲ್ಲ. ಕೂತು ಉಣ್ಣೋನಿಗೆ ಕುಡಿಕೆ ಹೊನ್ನೂ ಸಾಲ್ದು ಅಂತ ನಮ್ಮಪ್ಪ ಯಾವಾಗ್ಲೂ ಅಂತಿದ್ರು. ನೀನು ಬಡಿಸೋವಾಗ ಅದೇ ಮಾತು ಕಿವೀಲಿ. ದುಡೀದೆ ಉಣ್ತಾನೆ ಅಂತ ನೀನು ಮನಸ್ಸಲ್ಲಿ ಅಂದ್ಕೋತಿದ್ದೀಯೇನೋ ಅಂತ ತಲೆ ಎತ್ತಿ ನಿನ್ನ ಮುಖ ನೋಡ್ತಿರ್ಲಿಲ್ಲ. ಮೊದಲಿಂದ್ಲೂ ನಾನು ಒಂದು ಕಡೆ ನಿಲ್ಲೋನಲ್ಲ, ಸರಿ. ಆದ್ರೆ ಆಮೇಲೆ ಇದು ರೋಗ ಆಗೋಯ್ತು. ಉಂಡ ತಕ್ಷಣ ಎದ್ದು ಹೊರಗೆ ಹೋಗ್ಲಿಲ್ಲ ಅಂದ್ರೆ ಮತ್ತೆ ಕೆಲಸ ಕಳ್ಕೊಂಡವನ ಹಾಗೆ ಎದೆ ಹೊಡ್ಕೊಳುತ್ತೆ. ಯಾರಿಗೂ ಹೇಳಿಲ್ಲ ಇದನ್ನ."

ಪ್ರಭಾ ಅವರನ್ನೇ ನೋಡಿದರು. ಆಕೆಯ ಕಣ್ಣು ತುಂಬಿ ಬಂತು, ಆದರೆ ದನಿಯಲ್ಲಿ ಇದ್ದದ್ದು ಸಿಟ್ಟೇ.

"ಆ ನಾಲ್ಕು ತಿಂಗ್ಳಾ? ಆಗ ನಾನು ದೇವರ ಮುಂದೆ ದೀಪ ಹಚ್ಚಿ ಏನು ಬೇಡ್ಕೋತಿದ್ದೆ ಗೊತ್ತಾ ನಿಮ್ಗೆ? ಇವ್ರಿಗೆ ಇಷ್ಟು ಬೇಗ ಕೆಲಸ ಸಿಗೋದು ಬೇಡ ದೇವ್ರೇ ಅಂತ. ಮಾನಸಂಗೆ ಫೀಸ್ ಕಟ್ಟೋಕೆ ಬಳೆ ಅಡ ಇಟ್ಟಿದ್ದೆ, ಆದ್ರೂ ಹಾಗೇ ಬೇಡ್ಕೋತಿದ್ದೆ. ಹಾಗೆ ಬೇಡೋದು ಪಾಪ ಅಂತಾನೂ ಅನ್ಸ್ತಿತ್ತು. ನಾನು ಒಳಗೆ ಉಣ್ತಾ ಇದ್ರೆ ಹಾಲಲ್ಲಿ ನೀವು ಪೇಪರ್ ಮಗುಚೋ ಸದ್ದು ಕೇಳ್ತಿತ್ತು ರೀ. ಮೂವತ್ತು ವರ್ಷದಲ್ಲಿ ನೀವು ಮನೇಲಿ ಇದ್ದದ್ದು ಅಷ್ಟೇ."

ಹದಿನಾರು ವರ್ಷ ಮೇಷ್ಟ್ರು ಯಾವ ದಿನಗಳಿಂದ ತಪ್ಪಿಸಿಕೊಂಡು ಓಡುತ್ತಿದ್ದರೋ ಆ ದಿನಗಳನ್ನೇ ಈಕೆ ಎದೆಯಲ್ಲಿ ಕಟ್ಟಿಕೊಂಡಿದ್ದರು. ಮೇಷ್ಟ್ರು ಎಂಜಲು ಕೈಯಲ್ಲೇ ಮುಖ ಮುಚ್ಚಿಕೊಂಡರು. ಪ್ರಭಾ ಸಮಾಧಾನ ಮಾಡಲು ಹೋಗಲಿಲ್ಲ. ಹೊರಗೆ ತರಕಾರಿ ಗಾಡಿಯವನು ಕೂಗುತ್ತಾ ಬಂದ, ಆಚೆ ಬೀದಿಗೆ ಹೊರಟುಹೋದ.

"ಬರೋ ಭಾನುವಾರ ಬರ್ತೀನಿ" ಎಂದರು ಪ್ರಭಾ ಕೊನೆಗೆ. "ಇರೋಕೆ ಅಂತ ಹೇಳ್ತಿಲ್ಲ, ಊಟಕ್ಕೆ. ಅಡುಗೆ ನೀವು ಮಾಡಿರ್ಬೇಕು."

"ಏನು ಮಾಡ್ಲಿ? ನಂಗೆ ಅನ್ನ ಬಿಟ್ರೆ ಬೇರೆ ಬರಲ್ವಲ್ಲ."

"ಅನ್ನವೇ ಮಾಡಿ. ಮಾಡಿಟ್ಟು ಮನೇಲಿರಿ."